ಫೋಟೋಗೆ ಸಿಕ್ಕಷ್ಟು ಜೌಗು

ಹೊಳೆಯ ಪಕ್ಕದ ಜೌಗಿಗೆ ಮಣ್ಣು ತುಂಬಿ ಬಸ್ ನಿಲ್ದಾಣ ಕಟ್ಟುತ್ತಾರೆಂಬ ಸುದ್ದಿ ಬಂದಾಗ, ಹಲ್ಲಿನ ಡಾಕ್ಟರು ಹೊಳೆ ಉಳಿಸುವ ಸಂಘ ಕಟ್ಟಿ ಅಧ್ಯಕ್ಷರಾದರು. ಅವರೆದುರು ಬಾಯಿ ತೆರೆದು ಕೂತವರು ಯಾವುದಕ್ಕೂ ಒಲ್ಲೆನ್ನಲಾರರು, ಸದಸ್ಯರಿಗೆ ಬರವಿರಲಿಲ್ಲ. ಕೈಕೈ ಹಿಡಿದು ಜೌಗನ್ನು ಸುತ್ತುವರಿಯುವುದು, ಆ ಫೋಟೋ ಪತ್ರಿಕೆಯಲ್ಲಿ ಬರುವುದು ಎಂದು ತೀರ್ಮಾನವಾಯಿತು.

ಭಾನುವಾರ ಬಂದವರು, ಬರುತ್ತೇವೆಂದವರಲ್ಲಿ ಅರ್ಧವೂ ಇಲ್ಲ. ದುಪಟ್ಟಾ, ಟವೆಲ್ಲು, ಕೊಡೆ ಎಲ್ಲ ಸೇರಿಸಿ ಎಳೆದರೂ ಆನೆ ನುಗ್ಗುವಷ್ಟು ಸಂದು ಉಳಿಯಿತು.

ನೀರಿನ ಟ್ಯಾಂಕ್ ಹತ್ತಿದ್ದ ಫೋಟೋಗ್ರಾಫರ್ ಕೂಗಿದ: “ಸರಪಳಿ ಕೂಡ್ತಿಲ್ಲ ಸಾರ್! ಎಲ್ರೂ ಒಳಗೆ ಸರೀರಿ!”

ಡಾಕ್ಟರ ಚಿಕ್ಕಮ್ಮ ಮಾತ್ರ ಕದಲಲಿಲ್ಲ. ತಾವು ನಿಂತಿದ್ದ ಆ ತುದಿಯಲ್ಲೇ ಜೊಂಡು ಕೊಯ್ದು, ಚಾಪೆ ಹೆಣೆದು ಬದುಕುವವರು. “ಒಳಗೆ ಹೋದ್ರೆ ನನ್ನ ಜೊಂಡು ಹೊರಗಾಗತ್ತಲ್ಲೋ?”

“ಫೋಟೋಗಷ್ಟೇ ಚಿಕ್ಕಮ್ಮ. ಬಾ, ಬಿಸಿಲೇರ್ತಿದೆ.”

ಚಿಕ್ಕಮ್ಮನೂ ಸೇರಿ ಎಲ್ಲರೂ ಮೊಣಕಾಲುದ್ದ ಕೆಸರಿಗೆ ಇಳಿದರು. ಸರಪಳಿ ಕೂಡಿತು, ಕೆಲವರ ಕಣ್ಣೂ ತುಂಬಿತು. ಮರುದಿನ ಮುಖಪುಟದಲ್ಲಿ ಚಿತ್ರ.

ವಾರ ಕಳೆಯುವುದರೊಳಗೆ ನಗರಸಭೆಯ ಎಂಜಿನಿಯರ್ ಡಾಕ್ಟರನ್ನು ಕರೆಸಿ ಕೈಕುಲುಕಿದರು. ಮೇಜಿನ ಮೇಲೆ ನಕ್ಷೆ. ನಕ್ಷೆಯ ಮೇಲೆ ಅದೇ ಚಿತ್ರ ನೋಡಿ ಎಳೆದ ಕೆಂಪು ಗೆರೆ.

“ಜನ ನಿಂತಿದ್ದೇ ಜೌಗಿನ ಗಡಿ ಅಂತ ಒಪ್ಕೊಂಡಿದೀವಿ ಡಾಕ್ಟ್ರೇ. ಗೆರೆ ಒಳಗೆ ಕೈ ಹಾಕಲ್ಲ. ಹೊರಗೆ ನಾಳೆಯಿಂದ ಮಣ್ಣು ಹೊಡಿಸ್ತೀವಿ.”

“ಅಯ್ಯೋ, ಜನ ಸಾಲದೆ ಒಳಗೆ ಸರಿದ್ವಿ ಸಾರ್, ಅಷ್ಟೇ!”

“ಜನ ಬರಲಿಲ್ಲ ಅಂತೀರಾ?” ಎಂಜಿನಿಯರ್ ಪೆನ್ನಿನ ಕ್ಯಾಪ್ ತೆಗೆದರು. “ಬರ್ಕೊಳ್ಳಲಾ? ಜನಕ್ಕೇ ಬೇಡ ಅಂದ್ಮೇಲೆ ಪೂರ್ತಿ ತುಂಬಿಸಬಹುದು.”

ಊರಿನ ಬಾಯನ್ನೆಲ್ಲ ಅಗಲಿಸಿದ ಡಾಕ್ಟರು ಆ ಪೆನ್ನಿಗೆ ತಾವೇ ಕ್ಯಾಪ್ ಮುಚ್ಚಿ ಎದ್ದು ಬಂದರು. ಆ ಸಂಜೆ ಸಂಘ ಸಭೆ ಸೇರಿ, ಮುಕ್ಕಾಲು ಜೌಗು ಉಳಿಸಿದ್ದಕ್ಕೆ ತನ್ನನ್ನು ತಾನೇ ಅಭಿನಂದಿಸಿಕೊಂಡಿತು. ಚಿಕ್ಕಮ್ಮನಿಗೊಂದು ಹೊಲಿಗೆ ಯಂತ್ರ ಕೊಡಿಸುವ ಸಲಹೆಯೂ ಬಂತು.

“ಅದರಲ್ಲಿ ಚಾಪೆ ಹೊಲೀಲಾ?” ಎಂದು ಚಿಕ್ಕಮ್ಮ ಎದ್ದು ಹೋದರು.

ಮರುದಿನ ಡಾಕ್ಟರು ಒಬ್ಬರ ದವಡೆಗೆ ಇಂಜೆಕ್ಷನ್ ಕೊಟ್ಟು, ಮರಗಟ್ಟಲೆಂದು ಕಾಯುತ್ತಿದ್ದಾಗ ಕಿಟಕಿಯಾಚೆ ಮಣ್ಣಿನ ಲಾರಿ ಹೋಯಿತು. ಚಿಕ್ಕಮ್ಮ ಕೊಯ್ಯಲು ಹೋಗುವ ಹೊತ್ತು. “ಐದೇ ನಿಮಿಷ” ಎಂದು ರೋಗಿಗೆ ಹೇಳಿ ಓಡಿದರು.

ಲಾರಿಗೆ ಅಡ್ಡವಾಗಿ ಚಿಕ್ಕಮ್ಮ ಕುಡುಗೋಲು ಹಿಡಿದು ನಿಂತಿದ್ದರು. ಡಾಕ್ಟರು ಏದುಸಿರು ಬಿಡುತ್ತ ಹೋಗಿ ಅವರ ಇನ್ನೊಂದು ಕೈ ಹಿಡಿದುಕೊಂಡರು.

ಡ್ರೈವರ್ ತಲೆ ಹೊರಹಾಕಿದ. “ಯಾವ ಸಂಘ ಸ್ವಾಮಿ? ಸಂಘದೋರು ಗೆರೆ ಒಳಗೆ ನಿಲ್ಲಬೇಕಂತೆ.”

“ಸಂಘ ಅಲ್ಲಪ್ಪ. ಇವರು ನಮ್ಮ ಚಿಕ್ಕಮ್ಮ.”

ಚಿಕ್ಕಮ್ಮಂದಿರ ವಿಷಯ ಅವನಿಗೆ ಯಾರೂ ಏನೂ ಹೇಳಿ ಕಳಿಸಿರಲಿಲ್ಲ. ಇಂಜಿನ್ ಆರಿಸಿ, ಸೀಟಿನಲ್ಲೇ ಕಾಲು ಚಾಚಿದ.

“ಕೈ ಬಿಡೋ, ಕೊಯ್ಯೋದಿದೆ” ಎಂದರು ಚಿಕ್ಕಮ್ಮ. “ನೀನು ಇಲ್ಲೇ ನಿಂತಿರು.”