ವನಮಾಲ ಟಾಕೀಸಿನ ಚೌಕಾಕ್ಷರಗಳು

ನಡುರಾತ್ರಿ ಗೋಡೆಯಾಚೆ ಕಿರ್ ಎಂದಿತು. ನನ್ನ ಮೇಜಿನ ಖಾನೆಯನ್ನು ಯಾರೋ ಮೆಲ್ಲಗೆ ಎಳೆಯುತ್ತಿದ್ದರು. ದೀಪದ ಫಲಕ ತಯಾರಿಸುವ ಆ ಕಾರ್ಖಾನೆಯ ಹಿಂದಿನ ಕೋಣೆಯಲ್ಲೇ ನನ್ನ ಬಿಡಾರ. ಎದ್ದು ಹೋಗಿ ಹಿಡಿಯಬಹುದಿತ್ತು. ಹೋಗಲಿಲ್ಲ. ವಸುಪಾಲ ಸರ್ ಅವರ ಚಪ್ಪಲಿಯ ಸದ್ದು ಅಂಗಳ ದಾಟುವವರೆಗೆ ಹೊದಿಕೆಯೊಳಗೇ ಕಿವಿಗೊಟ್ಟು ಮಲಗಿದ್ದೆ.

ನಾನು ಬರೆಯುತ್ತಿದ್ದುದು ಚೌಕಾಕ್ಷರಗಳನ್ನು. ಗ್ರಾಫ್ ಹಾಳೆಯ ಚೌಕಗಳಿಗೆ ಮಸಿ ತುಂಬಿ ಮಾಡಿದ ದಪ್ಪ, ಗಡಸು ಅಕ್ಷರಗಳು. ಫಲಕಕ್ಕೇರಿದಾಗ ಒಂದು ಚೌಕಕ್ಕೆ ಒಂದು ಬಲ್ಬು. ಕನ್ನಡದ ದುಂಡು ಮೈಯನ್ನು ಚೌಕಗಳಿಗೆ ಒಗ್ಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಬಸ್ ನಿಲ್ದಾಣದ ಫಲಕಕ್ಕೆ ಬರೆದ ಮೊದಲ ಅಕ್ಷರಮಾಲೆಯನ್ನು ಕಾರ್ಖಾನೆಯ ಮುಖ್ಯಸ್ಥರಾದ ವಸುಪಾಲ ಸರ್ ತಮ್ಮದೆಂದು ಹೇಳಿಕೊಂಡು ಶಾಲು ಹೊದಿಸಿಕೊಂಡರು. ಕೇಳಿದ್ದಕ್ಕೆ ನಕ್ಕರು.

"ನೀನು ಚೌಕ ತುಂಬಿದೆ ಕಣಮ್ಮ. ತುಂಬೋದೇ ಬೇರೆ, ಬರೆಯೋದೇ ಬೇರೆ."

ವನಮಾಲ ಟಾಕೀಸಿನ ಫಲಕಕ್ಕೆ ತಾವೇ ಅಕ್ಷರ ಬರೆಯುವುದಾಗಿ ಅವರು ಆ ಟಾಕೀಸಿನ ಯಜಮಾನ ಧರಣೇಂದ್ರಯ್ಯನವರಿಗೆ ಮಾತು ಕೊಟ್ಟಿದ್ದರು. ಬರೆಯಲು ಬಾರದು. ಆದ್ದರಿಂದಲೇ ಆ ರಾತ್ರಿ ನನ್ನ ಖಾನೆ ತೆರೆದದ್ದು. ಹಾಳೆಗಳನ್ನು ನೋಡಿ ಯಜಮಾನರು ಬಹಳ ಮೆಚ್ಚಿದರಂತೆ. ಮುಹೂರ್ತಕ್ಕೆ ಮುನ್ನ ಹೊಸ ದೀಪ ಹೊತ್ತಿಸಬಾರದೆಂಬುದು ಅವರ ನಂಬಿಕೆ. ಹಾಗಾಗಿ ಫಲಕವನ್ನು ಯಾರೂ ಪರೀಕ್ಷಿಸಲಿಲ್ಲ.

ಉದ್ಘಾಟನೆಯ ಸಂಜೆ ಸ್ವಿಚ್ ಒತ್ತಿದಾಗ ಬೆಳಕು ಬಂತು, ಅಕ್ಷರ ಬರಲಿಲ್ಲ. ವಕಾರ, ಮಕಾರ ಎಲ್ಲವೂ ಒಂದೊಂದು ಬಿಳಿ ಮುದ್ದೆ. "ಇಡ್ಲಿ ಬೇಯಿಸಿ ಸಾಲಾಗಿ ಇಟ್ಟಂಗಿದೆ," ಎಂದು ಯಾರೋ ಅಂದರು. ಬೀದಿಯೇ ನಕ್ಕಿತು.

ಹೊತ್ತಿದ ಬಲ್ಬು ತನ್ನ ಚೌಕದೊಳಗೆ ನಿಲ್ಲುವುದಿಲ್ಲ, ಪಕ್ಕದ ಕತ್ತಲನ್ನೂ ತಿನ್ನುತ್ತದೆ. ಅಕ್ಷರದ ಹೊಟ್ಟೆಯನ್ನು ಎರಡು ಚೌಕದಷ್ಟು ಅಗಲ ಖಾಲಿ ಬಿಡಬೇಕು. ಕಾಗದದ ಮೇಲೆ ಅದು ಸೊರಗಿದಂತೆ ಕಾಣುತ್ತದೆ. ಖಾನೆಯಲ್ಲಿ ಇಟ್ಟಿದ್ದ ಅಕ್ಷರಗಳಲ್ಲಿ ಒಂದೇ ಚೌಕ ಬಿಟ್ಟಿದ್ದೆ, ಅವು ಕಾಗದದಲ್ಲಷ್ಟೇ ಚೆಲುವಾದವು. ವಸುಪಾಲ ಸರ್ ಅವರಿಗಾಗಿಯೇ ಬರೆದಿದ್ದೆ. ನಿಜವಾದವು ನನ್ನ ಹಾಸಿಗೆಯ ಅಡಿಯಲ್ಲಿದ್ದವು.

ಕೆಂಡವಾಗಿದ್ದ ಧರಣೇಂದ್ರಯ್ಯನವರಿಗೆ, ನಾನು ಸರಿಮಾಡುತ್ತೇನೆ, ಆದರೆ ಫಲಕದ ಕೆಳಗೆ ನನ್ನ ಹೆಸರಿರಬೇಕು ಎಂದೆ. ಒಪ್ಪಿದರು. ತಪ್ಪು ಮಾಡಿದವರೇ ಏಣಿ ಹತ್ತಲಿ ಎಂದೂ ಅಂದರು. ನಾನು ರಸ್ತೆಯಾಚೆ ನಿಂತು, ನೆರೆದವರಿಗೆಲ್ಲ ಕೇಳುವಂತೆ, "ಅದಲ್ಲ ಸರ್, ಅದರ ಎಡಗಡೇದು ಬಿಚ್ಚಿ," ಎನ್ನುತ್ತ ಹೋದೆ. ಒಂದು ಬಲ್ಬನ್ನು ಬೇಕೆಂದೇ ಎರಡು ಸಲ ಬಿಚ್ಚಿಸಿದೆ.

ಇಳಿದು ಬಂದು ಬೆವರು ಒರೆಸಿಕೊಳ್ಳುತ್ತ ವಸುಪಾಲ ಸರ್ ತಗ್ಗಿದ ದನಿಯಲ್ಲಿ ಕೇಳಿದರು.

"ಖಾನೇಲಿ ಬೇರೆ ಇಟ್ಟಿದ್ದೆ, ಅಲ್ವಾ?"

"ಯಾವ ಖಾನೆ ಸರ್?"

ಅಷ್ಟರಲ್ಲಿ ಧರಣೇಂದ್ರಯ್ಯ ಹತ್ತಿರ ಬಂದು, ಇಷ್ಟು ಅನುಭವಸ್ಥರು ಹೇಗಮ್ಮ ಎಡವಿದರು ಎಂದು ನನ್ನನ್ನೇ ಕೇಳಿದರು. ಕಳವಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ನಾನು ಎಲ್ಲಿ ಬಾಯಿಬಿಡುತ್ತೇನೋ ಎಂಬ ವಸುಪಾಲ ಸರ್ ಅವರ ಭಯ ಆ ಸಂಜೆಗೇ ಮುಗಿದುಹೋಗುತ್ತಿತ್ತು.

"ಗೊತ್ತಿಲ್ಲ ಯಜಮಾನರೇ," ಎಂದೆ. ಯಾರಿಗೂ, ಎಂದಿಗೂ ಹೇಳುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿದೆ. ವನಮಾಲದ ಬೆಳಕು ಮುಖಕ್ಕೆ ಬಡಿಯುತ್ತಿದ್ದರೂ ವಸುಪಾಲ ಸರ್ ಕಣ್ಣು ಮಿಟುಕಿಸದೆ ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದರು.