ತಪಾಸಣೆಯ ದಿನದ ಕೈ

ನನ್ನ ತಮ್ಮ ದೊಡ್ಡ ವೈದ್ಯ ಸಂಶೋಧಕ. ಸುಟ್ಟ ಚರ್ಮದ ಕೆಳಗೆ ದುಗ್ಧರಸವೆಂಬ ನೀರಿನಂಥ ದ್ರವ ಹೇಗೆ ಹರಿಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಇಂಚಿಂಚೂ ಹೇಳಬಲ್ಲ. ಅಷ್ಟೆಲ್ಲ ಓದಿದವನಿಗೆ ಅಕ್ಕನ ಗಂಡ ಎಂಥವನೆಂದು ಮಾತ್ರ ತಿಳಿಯಲಿಲ್ಲ.

ನನ್ನ ಯಜಮಾನರು ಸೇನೆಯಲ್ಲಿದ್ದಾಗ ಟ್ಯಾಂಕಿಗೆ ಬೆಂಕಿ ಹತ್ತಿ ಬಲಗೈ ಬೆಂದಿತು. ಗಾಯ ಮಾಯಿತು, ರಸ ಹರಿಯುವ ದಾರಿಗಳು ಮಾತ್ರ ಸುಟ್ಟೇ ಹೋದವು. ಸಂಜೆಯಾದರೆ ಕೈ ಊದಿ ದಿಂಬಾಗುತ್ತದೆ. ಅಂಗಿಯ ತೋಳಿನ ಗುಂಡಿ ಕೂರುವುದಿಲ್ಲವೆಂದು ಸದಾ ಮಡಚಿಕೊಂಡೇ ಓಡಾಡುತ್ತಾರೆ. ಕೈಯನ್ನು ಒತ್ತಿ ರಸ ಇಳಿಸುವ ಯಂತ್ರವೊಂದಿದೆ. ತಮ್ಮನ ಪರೀಕ್ಷೆಯಲ್ಲಿ ಅರ್ಧ ಮಾಜಿ ಸೈನಿಕರಿಗೆ ಅದನ್ನು ಕೊಟ್ಟರು, ಉಳಿದವರಿಗೆ ಬರೀ ವಿಶ್ರಾಂತಿ. ಇವರು ಉಳಿದವರ ಪೈಕಿ. ಗುಣ ಕಂಡರೆ ಸರ್ಕಾರ ಎಲ್ಲರಿಗೂ ಯಂತ್ರ ಕೊಡುತ್ತದೆಂದು ವರ್ಷವಿಡೀ ಬಾಯಿ ಬಿಟ್ಟುಕೊಂಡು ಕಾದೆವು.

ಮೊನ್ನೆ ತಮ್ಮ ಬಂದು ಮುಖ ಸಣ್ಣದು ಮಾಡಿಕೊಂಡು ಕೂತ.

“ಯಂತ್ರ ಸಿಗಲ್ಲ ಅಕ್ಕ. ಅದು ಇಲ್ಲದವರ ಕೈಯೂ ಅಷ್ಟೇ ಇಳಿದಿದೆ, ಯಂತ್ರದಿಂದಲೇ ಗುಣ ಅಂತ ಹೇಗೆ ಹೇಳೋದು? ಭಾವಂದೂ.”

ನನಗೆ ಮೈಯೆಲ್ಲ ಉರಿಯಿತು. “ಇಳೀದೆ ಏನು ಮಾಡುತ್ತೆ? ಅಳತೆಯ ಹಿಂದಿನ ದಿನ ಕೈಗೆ ಬಟ್ಟೆ ಪಟ್ಟಿ ಬಿಗಿದು, ಕೈ ಮೇಲಕ್ಕೆ ಕಟ್ಟಿಕೊಂಡು ಮಲಗಿ ಅಂತ ನೀನೇ ಹೇಳಿದ್ದೀಯಂತಲ್ಲ.”

“ನಾನಾ? ಯಾವ ಪಟ್ಟಿ?”

ಇಬ್ಬರೂ ಯಜಮಾನರತ್ತ ತಿರುಗಿದೆವು.

“ತಪಾಸಣೆ ಅಂದ್ಮೇಲೆ ಹೇಗಿದ್ದೀವೋ ಹಾಗೇ ಹೋಗಿ ನಿಲ್ಲೋಕಾಗುತ್ತಾ?” ಎಂದರು, ಬೂಟಿನ ಪಾಲಿಶ್ ವಿಷಯ ಹೇಳುವಂತೆ. “ನಮ್ಮೋರೆಲ್ಲ ಹಾಗೇ ಬರೋದು.”

ತಮ್ಮ ತಲೆ ಮೇಲೆ ಕೈ ಹೊತ್ತ. ಪುಣ್ಯಕ್ಕೆ ವರದಿ ಇನ್ನೂ ಯಂತ್ರದ ವಿಷಯ ತೀರ್ಮಾನಿಸುವ ಸರ್ಕಾರಿ ಸಮಿತಿಗೆ ಹೋಗಿರಲಿಲ್ಲ.

“ಸೋಮವಾರ ಸಮಿತಿಯವರ ಎದುರಿಗೇ ಎಲ್ಲರನ್ನೂ ಮತ್ತೆ ಅಳೀತೀನಿ. ಇದೇ ಕೊನೇ ಅವಕಾಶ. ದಮ್ಮಯ್ಯ ಭಾವ, ನಿಮ್ಮೋರಿಗೆ ನೀವೇ ಹೇಳಿ. ಊದಿದ ಕೈಯನ್ನೇ ತನ್ನಿ.”

ಯಜಮಾನರು ಹೂಂ ಎಂದರು.

ಭಾನುವಾರ ರಾತ್ರಿ ಸೆಕೆಯೆಂದು ನೆಪ ಹೇಳಿ ಹೊರಗಿನ ಕೋಣೆಯಲ್ಲಿ ಮಲಗಿದರು. ಬೆಳಿಗ್ಗೆ ಹೋಗಿ ನೋಡಿದರೆ ಕನ್ನಡಿಯೆದುರು ನಿಂತಿದ್ದಾರೆ. ಬಿಚ್ಚಿದ ಪಟ್ಟಿ ಮಂಚದ ಮೇಲೆ ನೀಟಾಗಿ ಸುರುಳಿ ಸುತ್ತಿಟ್ಟಿತ್ತು.

“ತಲೆ ಕೆಟ್ಟಿದೆಯಾ ನಿಮಗೆ? ಅವನು ಅಷ್ಟು ಬಡ್ಕೊಂಡನಲ್ಲ.”

“ಸಮಿತೀಲಿ ನಮ್ಮ ಕರ್ನಲ್ ಸಾಹೇಬರಿದ್ದಾರೆ ಕಣೇ. ಸಾಹೇಬರು ಬರ್ತಾರೆ, ಸರಿಯಾಗಿ ಬನ್ನಿ ಅಂತ ನಮ್ಮೋರಿಗೆಲ್ಲ ಫೋನ್ ಮಾಡಿ ತಿಳಿಸಿದೀನಿ. ಅವರ ಮುಂದೆ ಊದಿದ ಕೈ ಹೇಗೆ ತೋರಿಸೋದು?”

ಬಾಯಿಗೆ ಬಂದಂತೆ ಬೈದೆ. ಅತ್ತೂ ಬಿಟ್ಟೆ. ಅವರು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಸಲೀಸಾಗಿ ಕೂತಿತು.