ಬಲ್ಬ್ ತೆಗೆದ ಫ್ರಿಜ್

ಆ ಫ್ರಿಜ್ ನನ್ನದೇ. ಹದಿನಾಲ್ಕು ವರ್ಷ ನಮ್ಮ ಅಡುಗೆಮನೆಯಲ್ಲಿ ಹಾಲು, ತರಕಾರಿ ಕಾಪಾಡಿದ್ದು. ಮನೆಗೆ ಹೊಸದು ಬಂದಾಗ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ, ನಾನು ಕೆಲಸ ಮಾಡುವ ರಸಾಯನಶಾಸ್ತ್ರದ ಲ್ಯಾಬಿಗೆ ಕೊಟ್ಟೆ. ಲ್ಯಾಬಿಗೆಂದೇ ಮಾಡಿದ, ಒಳಗೆ ಕಿಡಿ ಹಾರದ ಫ್ರಿಜ್ ಬೇಕೆಂದು ಪ್ರೊಫೆಸರ್ ಮೂರು ಸಲ ಅರ್ಜಿ ಬರೆದಿದ್ದರು. ಮೂರು ಸಲವೂ ಕಾಗದ ಹೋದ ದಾರಿಯಲ್ಲೇ ವಾಪಸ್ ಬಂದಿತ್ತು.

ಕಿಡಿಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತಾರು ವರ್ಷದಿಂದ ಲ್ಯಾಬ್ ಸಹಾಯಕಿ ನಾನು. ಈಥರ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ದ್ರವ; ಬಾಟಲಿಯ ಮುಚ್ಚಳ ಎಷ್ಟೇ ಬಿಗಿದರೂ ಆವಿ ಸೋರುತ್ತದೆ, ಮುಚ್ಚಿದ ಫ್ರಿಜ್ಜಿನೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಸಾಸಿವೆಯಷ್ಟು ಕಿಡಿ ಸಾಕು. ಬಾಗಿಲು ತೆರೆದ ಕೂಡಲೇ ಬಲ್ಬ್ ಹತ್ತುತ್ತದಲ್ಲ, ಅಪಾಯ ಇರುವುದು ಅಲ್ಲೇ ಎಂದು ನಾನೇ ತೀರ್ಮಾನ ಮಾಡಿದೆ. ಬಲ್ಬ್ ತಿರುಗಿಸಿ ತೆಗೆದೆ. ಬಾಗಿಲಿಗೆ ದಪ್ಪ ಅಕ್ಷರದ ಚೀಟಿ ಅಂಟಿಸಿದೆ: ‘ಬಲ್ಬ್ ತೆಗೆದಿದೆ. ಈಥರ್ ಇಡಬಹುದು.’ ಪ್ರೊಫೆಸರ್ ಅದನ್ನು ಓದಿದರು, ಕನ್ನಡಕ ಒರೆಸಿಕೊಂಡರು, ಹೋದರು.

ಕೇಳಿದವಳು ಒಬ್ಬಳೇ, ಪಿಟೀಲು. ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಐದು ವರ್ಷದವಳಾಗಿ ನನ್ನ ಮನೆಗೆ ಬಂದು, ಹಗಲೂ ರಾತ್ರಿ ಒಂದೇ ಸಮ ಕುಯ್ಯೋ ಅಂತ ಅಳುತ್ತಿದ್ದಳು. ಅದಕ್ಕೇ ಆ ಹೆಸರು. ಈಗ ಅದೇ ಲ್ಯಾಬಿನಲ್ಲಿ ಸಂಶೋಧನೆಯ ಸೀಟು ಗಿಟ್ಟಿಸಿದ್ದಳು.

“ದೊಡ್ಡಮ್ಮ, ಕಿಡಿ ಬರೋದು ಬಲ್ಬ್‌ನಿಂದ ಒಂದೇನಾ? ಒಳಗೆ ಬೇರೆ ಏನೂ ಇರಲ್ವಾ?”

“ನೀನು ಹುಟ್ಟೋಕೆ ಮುಂಚಿನಿಂದ ಈಥರ್ ಮೂಸ್ತಿದೀನಿ ಕಣೇ. ನನಗೇ ಪಾಠ ಹೇಳೋಕೆ ಬಂದ್ಯಾ? ಸುಮ್ನೆ ಇಡು.”

ಇಟ್ಟಳು. ಅಲ್ಪವಿದ್ಯಾ ಮಹಾಗರ್ವಿ ಅಂತ ನಾನು ಎಷ್ಟು ಜನ ಹುಡುಗರನ್ನು ಆಡಿಕೊಂಡಿಲ್ಲ!

ಭಾನುವಾರ ಇಡೀ ದಿನ ಲ್ಯಾಬ್ ಮುಚ್ಚಿತ್ತು. ಸೋಮವಾರ ಬೆಳಗ್ಗೆ ಅವಳು ಫ್ರಿಜ್ ಪಕ್ಕದ ಮೇಜಿನಲ್ಲಿ ಏನೋ ಬರೆಯುತ್ತಿದ್ದಳು. ನಾನು ಸಿಂಕಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಫ್ರಿಜ್ಜಿನ ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ಬಾಗಿಲೇ ಕಿತ್ತುಕೊಂಡು ಬಂದು ಅವಳ ಮೇಜಿಗೆ ಬಡಿಯಿತು, ಹಿಂದೆಯೇ ಬೆಂಕಿ. ಅವಳ ಬಲಗೈ ಸುಟ್ಟಿತು. ಚರ್ಮ ಬರುತ್ತೆ, ಎರಡು ಬೆರಳು ಇನ್ನು ಮಡಚೋಕಾಗಲ್ಲ ಎಂದರು ಡಾಕ್ಟರು. ಅವಳು ಅಳಲಿಲ್ಲ. ಆ ಹಳೆಯ ಅಳು ಬಂದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಸುರಕ್ಷತಾ ಅಧಿಕಾರಿ ಬಂದು ಕರಕಲಾದ ಪುಟ್ಟ ಪೆಟ್ಟಿಗೆಯೊಂದನ್ನು ತೋರಿಸಿದರು. “ಥರ್ಮೋಸ್ಟಾಟ್. ಒಳಗಿನ ತಂಪು ಕಡಿಮೆಯಾದಾಗ ತಾನೇ ಆನ್ ಆಗುತ್ತೆ. ಟಕ್ ಅನ್ನುತ್ತಲ್ಲ, ಆಗೆಲ್ಲ ಒಳಗೆ ಕಿಡಿ. ಬಲ್ಬ್ ತೆಗೆದರೆ ಇದು ನಿಲ್ಲಲ್ಲ.”

ಆ ಟಕ್ ಸದ್ದನ್ನು ಹದಿನಾಲ್ಕು ವರ್ಷ ತರಕಾರಿ ಹೆಚ್ಚುತ್ತಾ ಕೇಳಿದ್ದೇನೆ. ಒಂದು ದಿನವೂ ಅದೇನು ಎಂದು ಯೋಚಿಸಿದವಳಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಒಂಬತ್ತನೇ ದಿನ ವಿಚಾರಣೆ. ತಪ್ಪು ಅವಳದೆಂದಾದರೆ ಸೀಟು ಹೋಗುತ್ತದೆ. ನನ್ನದೆಂದಾದರೆ, ನಿವೃತ್ತಿಗೆ ಮೂರು ವರ್ಷ ಉಳಿದಿರುವ ಈ ಕೆಲಸ ಹೋಗುತ್ತದೆ. ಮನೆಯಿಂದ ಹೊರಡುವಾಗ ಅವಳು ಎಡಗೈಯಲ್ಲಿ ಚಪ್ಪಲಿ ಸರಿ ಮಾಡಿಕೊಳ್ಳುತ್ತಾ ಹೇಳಿದಳು: “ಚೀಟಿ ಸುಟ್ಟುಹೋಗಿದೆ ದೊಡ್ಡಮ್ಮ. ನೀನು ಬಾಯಿ ಬಿಡಬೇಡ. ನನ್ನ ಕೈಯಂತೂ ಹೋಯ್ತು, ನಿನ್ನ ಕೆಲಸಾನೂ ಹೋದ್ರೆ ಮನೆ ನಡೆಯೋದು ಹೇಗೆ?”

ಅಧಿಕಾರಿಯ ಮುಂದೆ ಕೂತು, “ಯಾರನ್ನೂ ಕೇಳದೆ ನಾನೇ ಇಟ್ಟೆ ಸರ್” ಎಂದಳು. ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. ನಾನು? ನಾನೂ ಬಾಯಿ ಬಿಡಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಕ್ಷಣ ನನ್ನ ಎದೆ ಹಗುರವಾಗಿತ್ತು.

‘ವಿದ್ಯಾರ್ಥಿನಿಯ ನಿರ್ಲಕ್ಷ್ಯ’ ಎಂದು ಟೈಪಾದ ವರದಿ ಮೊದಲು ಅವಳ ಮುಂದೆ ಬಂತು. ಅವಳು ಎಡಗೈಯಲ್ಲಿ ರುಜು ಹಾಕಿದಳು, ಒಂದನೇ ತರಗತಿಯ ಮಗು ಬರೆದ ಹಾಗೆ ಸೊಟ್ಟಸೊಟ್ಟಗೆ. ಆ ಅಕ್ಷರ ತಿದ್ದಿಸಿದವಳು ನಾನು. ಆಮೇಲೆ ಸಾಕ್ಷಿಯ ರುಜುವಿಗೆಂದು ಕಾಗದ ನನ್ನ ಕೈಗೆ ಬಂತು. ನಾನು ರುಜು ಹಾಕಲಿಲ್ಲ. ಚೀಟಿಯಲ್ಲಿ ಬರೆದಿದ್ದ ಅದೇ ದಪ್ಪ ಅಕ್ಷರದಲ್ಲಿ ಬರೆದೆ: ‘ಬಲ್ಬ್ ತೆಗೆದವಳು ನಾನು. ಈಥರ್ ಇಡು ಅಂದವಳೂ ನಾನು.’

ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿ, “ಇದು ನಿಜಾನೇನಮ್ಮ?” ಎಂದು ಅವಳನ್ನು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. ಒಂಬತ್ತು ದಿನದಲ್ಲಿ ಒಂದು ಸಲವೂ ಎತ್ತದಿದ್ದ ಮಾತು ಆಗ ಬಂತು.

“ಬಲ್ಬ್ ಒಂದೇನಾ ಅಂತ ನಾನು ಕೇಳಿದ್ದೆ ಅಲ್ವಾ, ದೊಡ್ಡಮ್ಮ?”

“ಹೌದು ಕಣೇ,” ಎಂದೆ. “ನೀನು ಕೇಳಿದ್ದೆ.”

ಆಗ ಅವಳು ಅಳಲು ಶುರುಮಾಡಿದಳು, ಐದು ವರ್ಷದವಳಿದ್ದಾಗಿನ ಹಾಗೆಯೇ, ಒಂದೇ ಸಮ. ಅಂದು ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ. ಇಂದು ಅವಳನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.